ಮೈ ಮಲಗಿದ ಮೇಲೆ ಎಚ್ಚರವಿರುವುದು ಯಾವುದು? ಪ್ರಜ್ಞೆ, ಕನಸು ಮತ್ತು ದೇಹದ ಅರಿವು

ನಡುರಾತ್ರಿಯಲ್ಲಿ ಎಚ್ಚರವಾಗುತ್ತದೆ. ಕಿಟಕಿ, ಗೋಡೆ, ಮೇಲೆ ತಿರುಗುವ ಫ್ಯಾನು ಎಲ್ಲವೂ ಕಾಣುತ್ತವೆ. ಆದರೆ ಕೈ ಎತ್ತಲು ಹೋದರೆ ಕೈ ಏಳುವುದಿಲ್ಲ, ಕೂಗಲು ಹೋದರೆ ದನಿ ಹೊರಡುವುದಿಲ್ಲ, ಎದೆಯ ಮೇಲೆ ಯಾರೋ ಕುಳಿತು ಅದುಮುತ್ತಿರುವಂತೆ ಉಸಿರು ಭಾರವಾಗುತ್ತದೆ. ಬಾಗಿಲ ಬಳಿ ಯಾರೋ ನಿಂತಿದ್ದಾರೆಂಬುದು ಊಹೆಯಂತಿರದೆ ಖಚಿತವಾದ ತಿಳಿವಳಿಕೆಯಂತಿರುತ್ತದೆ. ಅರ್ಧ ನಿಮಿಷವೋ ಎರಡು ನಿಮಿಷವೋ ಕಳೆದ ಮೇಲೆ ಬೆರಳೊಂದು ಅಲುಗುತ್ತದೆ. ಅಲುಗಿದೊಡನೆ ಕಟ್ಟು ಬಿಚ್ಚಿದಂತೆ ಇಡೀ ಮೈ ಮರಳಿ ಕೈವಶವಾಗುತ್ತದೆ.

ಸ್ಲೀಪ್ ಪ್ಯಾರಾಲಿಸಿಸ್ ಎಂದು ಕರೆಯಲಾಗುವ ಈ ಅನುಭವ ಬಹಳ ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಆಗುತ್ತದೆ, ಆದರೂ ಹೇಳಿಕೊಳ್ಳಲು ಹಿಂಜರಿಯುವವರೇ ಹೆಚ್ಚು. ಇನ್ನೊಂದೆಡೆ, ಕೈಗೆ ಕಟ್ಟಿಕೊಂಡ ಗಡಿಯಾರಗಳು ಬೆಳಿಗ್ಗೆ ಎದ್ದೊಡನೆ 'ಗಾಢ ನಿದ್ರೆ ಇಷ್ಟು, ರೆಮ್ ಇಷ್ಟು' ಎಂದು ಲೆಕ್ಕ ಒಪ್ಪಿಸತೊಡಗಿರುವುದರಿಂದ, ನಿನ್ನೆಯವರೆಗೆ ಪ್ರಯೋಗಾಲಯದ ಮಾತಾಗಿದ್ದುದು ಇಂದು ಎಲ್ಲರ ಫೋನಿನ ಪರದೆಗೆ ಬಂದಿದೆ. ಆ ಅಂಕಿಗಳ ಹಿಂದೆ ಇರುವ ಪ್ರಶ್ನೆ ಮಾತ್ರ ಹಳೆಯದು: ನಾವು ಮಲಗಿರುವಾಗ ಕನಸಿನೊಳಗೆ ಓಡಾಡುವ 'ನಾನು' ಯಾರು, ಹಗಲಿನಲ್ಲಿ ಈ ದೇಹದೊಳಗೆ ಕುಳಿತು ನೋಡುತ್ತಿರುವಂತೆ ತೋರುವ 'ನಾನು' ಯಾರು, ಇವೆರಡಕ್ಕೂ ಇರುವ ಸಂಬಂಧವೇನು?

ಎಚ್ಚರ ಮತ್ತು ಅರಿವು ಎರಡೂ ಒಂದೇ ಅಲ್ಲ

ಪ್ರಜ್ಞೆ ಎಂಬ ಪದವನ್ನು ನಾವು ಹಲವು ಅರ್ಥಗಳಲ್ಲಿ ಬಳಸುತ್ತೇವೆ. ಸಮಯಪ್ರಜ್ಞೆ ಎಂದಾಗ ತಿಳಿವಳಿಕೆ ಎಂಬರ್ಥ. ತಲೆಸುತ್ತಿ ಬಿದ್ದವರನ್ನು ಕುರಿತು 'ಪ್ರಜ್ಞೆ ತಪ್ಪಿದೆ' ಎಂದಾಗ ಎಚ್ಚರ ಎಂಬರ್ಥ. ಮಿದುಳನ್ನು ಅಧ್ಯಯನ ಮಾಡುವವರು ಈ ಪದದೊಳಗೆ ಎರಡು ಬೇರೆ ಬೇರೆ ಅಳತೆಗಳನ್ನು ಗುರುತಿಸುತ್ತಾರೆ. ಮೊದಲನೆಯದು ಎಚ್ಚರದ ಮಟ್ಟ, ಅಂದರೆ ಕರೆದರೆ ಓಗೊಡುವ, ಕಣ್ಣು ತೆರೆಯುವ ಸ್ಥಿತಿ. ಎರಡನೆಯದು ಅರಿವು, ಅಂದರೆ ಒಳಗೆ ಏನಾದರೊಂದು ಅನುಭವ ನಡೆಯುತ್ತಿರುವುದು. ಕೆಂಪು ಕೆಂಪಾಗಿ ಕಾಣುವುದು, ಹಲ್ಲು ನೋಯುವುದು, ಯಾವುದೋ ನೆನಪು ಸುಳಿಯುವುದು. ತತ್ತ್ವಜ್ಞ ಥಾಮಸ್ ನೇಗೆಲ್ 1974ರಲ್ಲಿ ಈ ಎರಡನೆಯ ಅರ್ಥವನ್ನು ಬಾವಲಿಯ ಉದಾಹರಣೆಯಿಂದ ಸ್ಪಷ್ಟಪಡಿಸಿದರು. ಬಾವಲಿಯ ಕಿವಿ, ಕಂಠ, ನರಗಳ ಬಗ್ಗೆ ಎಲ್ಲವನ್ನೂ ತಿಳಿದುಕೊಂಡರೂ, ಬಾವಲಿಯಾಗಿ ಇರುವುದೆಂದರೆ ಅದಕ್ಕೆ ಹೇಗೆ ಅನಿಸುತ್ತದೆ ಎಂಬುದು ಹೊರಗಿನವರಿಗೆ ಸಿಕ್ಕುವುದಿಲ್ಲ. ಹಾಗೆ 'ಅನಿಸುವುದು' ಎಲ್ಲಿದೆಯೋ ಅಲ್ಲಿ ಅರಿವಿದೆ.

ಎಚ್ಚರ ಮತ್ತು ಅರಿವು ಸಾಮಾನ್ಯವಾಗಿ ಜೊತೆಯಾಗಿ ಬರುತ್ತವೆ, ಹಾಗಾಗಿ ಅವು ಒಂದೇ ಎಂದು ನಮಗೆ ತೋರುತ್ತದೆ. ಅವು ಬೇರ್ಪಡುವ ಸಂದರ್ಭಗಳೇ ಹೆಚ್ಚು ಕಲಿಸುತ್ತವೆ. ಮಿದುಳಿಗೆ ತೀವ್ರ ಪೆಟ್ಟುಬಿದ್ದ ಕೆಲವರು ಕಣ್ಣು ತೆರೆದಿರುತ್ತಾರೆ, ಮಲಗಿ ಏಳುವ ಚಕ್ರವೂ ಇರುತ್ತದೆ, ಆದರೆ ಸುತ್ತಲಿನ ಯಾವುದಕ್ಕೂ ಸ್ಪಂದಿಸುವುದಿಲ್ಲ. ಇಂಥ ಸ್ಥಿತಿಯಲ್ಲಿದ್ದ ಯುವತಿಯೊಬ್ಬಳಿಗೆ 2006ರಲ್ಲಿ ಏಡ್ರಿಯನ್ ಓವೆನ್ ಅವರ ತಂಡ ಸ್ಕ್ಯಾನರ್‌ನೊಳಗೆ ಎರಡು ಸೂಚನೆ ಕೊಟ್ಟಿತು: ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಬೇಕು, ಬಳಿಕ ತನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಕಲ್ಪಿಸಿಕೊಳ್ಳಬೇಕು. ಆರೋಗ್ಯವಂತರು ಹಾಗೆ ಕಲ್ಪಿಸಿಕೊಂಡಾಗ ಮಿದುಳಿನ ಯಾವ ಭಾಗಗಳು ಚುರುಕಾಗುತ್ತವೆಯೋ ಆಕೆಯಲ್ಲಿಯೂ ಅವೇ ಭಾಗಗಳು ಚುರುಕಾದವು. ಹೊರಗೆ ಅರಿವಿನ ಕುರುಹೇ ಇಲ್ಲದ ಮೈಯೊಳಗೆ ಮಾತನ್ನು ಕೇಳಿ, ಅರ್ಥಮಾಡಿಕೊಂಡು, ಪಾಲಿಸುತ್ತಿದ್ದ ಒಂದು ಮನಸ್ಸಿತ್ತು.

ಕನಸು ಇದೇ ಬೇರ್ಪಡೆಯ ದಿನನಿತ್ಯದ ರೂಪ. ಮಲಗಿದವರಿಗೆ ಎಚ್ಚರವಿಲ್ಲ, ಆದರೆ ಅರಿವು ತುಂಬಿ ತುಳುಕುತ್ತಿರುತ್ತದೆ. ಗಾಢ ನಿದ್ರೆಯ ಬಹುಪಾಲಿನಲ್ಲಿ ಎರಡೂ ಇರುವುದಿಲ್ಲ. ಆಳವಾದ ಅರಿವಳಿಕೆಯಲ್ಲಿಯೂ ಹಾಗೆಯೇ; ಆದರೆ ಕೆಟಮಿನ್ ಎಂಬ ಔಷಧಿ ಕೊಟ್ಟಾಗ ಮಾತ್ರ ರೋಗಿ ಅಲುಗಾಡದೆ ಮಲಗಿದ್ದು, ಎದ್ದ ಮೇಲೆ ವಿಚಿತ್ರವಾದ ಕನಸುಗಳನ್ನು ವಿವರಿಸುವುದುಂಟು.

ಕನ್ನಡದ ನುಡಿಗಟ್ಟುಗಳಲ್ಲಿ ಈ ವಿಷಯದ ಒಂದು ಸೂಕ್ಷ್ಮ ಅಡಗಿದೆ ಎಂದು ನನಗೆ ಅನಿಸುತ್ತದೆ. ಪ್ರಜ್ಞೆ ಮರಳಿ ಬರುವುದನ್ನು ನಾವು 'ಮೈತಿಳಿಯುವುದು' ಎನ್ನುತ್ತೇವೆ, ತಲ್ಲೀನತೆಯನ್ನು 'ಮೈಮರೆಯುವುದು' ಎನ್ನುತ್ತೇವೆ, ಎಚ್ಚರಿಕೆಯ ತುದಿಯನ್ನು 'ಮೈಯೆಲ್ಲ ಕಣ್ಣಾಗಿ' ಎನ್ನುತ್ತೇವೆ. ಅರಿವನ್ನು ತಲೆಯೊಳಗಿನ ದೀಪವೆಂದು ಭಾವಿಸದೆ ಮೈಗೆ ಹಬ್ಬಿದ ಗುಣವೆಂದು ಭಾವಿಸುವ ಈ ರೂಢಿ, ಮುಂದೆ ನೋಡಲಿರುವಂತೆ, ಪ್ರಯೋಗಗಳು ತೋರಿಸಿರುವುದಕ್ಕೆ ಸಾಕಷ್ಟು ಹತ್ತಿರವಾಗಿದೆ.

ರಾತ್ರಿಯೊಳಗಿನ ಏರಿಳಿತ

ನಿದ್ರೆಯೆಂದರೆ ಮಿದುಳು ಆರಿಹೋಗುವುದು ಎಂದೇ ಬಹುಕಾಲ ನಂಬಲಾಗಿತ್ತು. ತಲೆಯ ಮೇಲೆ ಅಂಟಿಸಿದ ತಂತಿಗಳ ಮೂಲಕ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ವಿಧಾನವನ್ನು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಮೇಲೆ ಆ ನಂಬಿಕೆ ಅಲುಗಾಡತೊಡಗಿತು. ಎಚ್ಚರದಲ್ಲಿ ಅಲೆಗಳು ಚಿಕ್ಕವು, ವೇಗದವು, ಒಂದರಂತೆ ಇನ್ನೊಂದಿಲ್ಲ. ಸಂತೆಯ ಗದ್ದಲದಂತೆ ಪ್ರತಿಯೊಂದು ಗುಂಪೂ ತನ್ನದೇ ಮಾತಿನಲ್ಲಿರುತ್ತದೆ. ನಿದ್ರೆ ಆಳವಾದಂತೆ ಅಲೆಗಳು ನಿಧಾನವಾಗಿ, ಎತ್ತರವಾಗಿ, ಸೆಕೆಂಡಿಗೆ ಒಂದೆರಡು ಬಾರಿ ಮಾತ್ರ ಎದ್ದು ಬೀಳುತ್ತವೆ. ಆಗ ಕೋಟ್ಯಂತರ ನರಕೋಶಗಳು ಒಟ್ಟಾಗಿ ಮಾತಾಡಿ ಒಟ್ಟಾಗಿ ಮೌನವಾಗುತ್ತಿರುತ್ತವೆ. ಎಲ್ಲರೂ ಒಂದೇ ಶಬ್ದವನ್ನು ಒಟ್ಟಿಗೆ ಕೂಗುವ ಕಡೆ ಸುದ್ದಿ ಹರಡಲಾರದು.

1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್ಸ್ಕಿ ಮತ್ತು ನೆಥೇನಿಯಲ್ ಕ್ಲೈಟ್‌ಮನ್ ಇನ್ನೊಂದು ಸಂಗತಿಯನ್ನು ವರದಿ ಮಾಡಿದರು. ಮಲಗಿದವರ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಆಗಾಗ ಸರಸರನೆ ಅತ್ತಿತ್ತ ಓಡುತ್ತಿದ್ದವು, ಆಗ ಎಬ್ಬಿಸಿ ಕೇಳಿದರೆ ಹೆಚ್ಚಿನವರು ಕನಸು ಕಾಣುತ್ತಿದ್ದೆವು ಎನ್ನುತ್ತಿದ್ದರು. ಅಸೆರಿನ್ಸ್ಕಿಯವರು ಮೊದಮೊದಲು ತಂತಿ ಅಂಟಿಸಿ ನೋಡಿದವರಲ್ಲಿ ಅವರ ಚಿಕ್ಕ ವಯಸ್ಸಿನ ಮಗನೂ ಇದ್ದ. 'ಕಣ್ಣುಗಳ ಕ್ಷಿಪ್ರ ಚಲನೆ' ಎಂಬುದರ ಇಂಗ್ಲಿಷ್ ಮೊದಲಕ್ಷರಗಳಿಂದ ಈ ಹಂತಕ್ಕೆ ರೆಮ್ ಎಂಬ ಹೆಸರು ಬಂದಿತು. ಫ್ರಾನ್ಸಿನ ಮಿಷೆಲ್ ಜೂವೆ 1959ರಲ್ಲಿ ಇದನ್ನು 'ವಿರೋಧಾಭಾಸದ ನಿದ್ರೆ' ಎಂದು ಕರೆದರು, ಏಕೆಂದರೆ ಈ ಹಂತದಲ್ಲಿ ಮಿದುಳಿನ ಅಲೆಗಳು ಎಚ್ಚರದವುಗಳನ್ನು ಹೋಲುತ್ತವೆ, ಮೈ ಮಾತ್ರ ಎಲ್ಲಕ್ಕಿಂತ ಹೆಚ್ಚು ನಿಶ್ಚಲವಾಗಿರುತ್ತದೆ.

ಒಂದು ರಾತ್ರಿಯಲ್ಲಿ ಮಂಪರಿನಿಂದ ಗಾಢ ನಿದ್ರೆಗೆ, ಅಲ್ಲಿಂದ ರೆಮ್‌ಗೆ ಹೋಗುವ ಸುತ್ತು ಸುಮಾರು 90 ನಿಮಿಷಕ್ಕೊಮ್ಮೆ, ನಾಲ್ಕೈದು ಬಾರಿ ನಡೆಯುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ರೆಯ ಪಾಲು ಹೆಚ್ಚು, ಬೆಳಗಿನ ಜಾವದ ಸುತ್ತುಗಳಲ್ಲಿ ರೆಮ್‌ನ ಪಾಲು ಹೆಚ್ಚು. ನೆನಪಿನಲ್ಲಿ ಉಳಿಯುವ ಕನಸುಗಳು ಬಹುತೇಕ ಬೆಳಗಿನ ಜಾವದವಾಗಿರುವುದು ಇದರಿಂದಲೇ. ವಯಸ್ಕರಲ್ಲಿ ಒಟ್ಟು ನಿದ್ರೆಯ ಸುಮಾರು 20ರಿಂದ 25 ಶೇಕಡಾ ರೆಮ್ ಇದ್ದರೆ, ಹಸುಗೂಸುಗಳಲ್ಲಿ ಅದು ಅರ್ಧದಷ್ಟಿರುತ್ತದೆ. ರೆಮ್ ಇಲ್ಲದ ಹಂತಗಳಲ್ಲಿಯೂ ಕನಸುಗಳಿರುತ್ತವೆ, ಆದರೆ ಅವು ಸಾಮಾನ್ಯವಾಗಿ ಕಿರಿದಾಗಿ, ಕಥೆಗಿಂತ ಯೋಚನೆಗೆ ಹತ್ತಿರವಾಗಿರುತ್ತವೆ. ಆದ್ದರಿಂದ ಗಡಿಯಾರ ತೋರಿಸುವ ರೆಮ್ ನಿಮಿಷಗಳೆಲ್ಲ ಕನಸಿನ ನಿಮಿಷಗಳು ಎಂದೂ, ಉಳಿದವುಗಳಲ್ಲಿ ಕನಸೇ ಇಲ್ಲವೆಂದೂ ತಿಳಿಯಬಾರದು. ಮೇಲಾಗಿ ಆ ಗಡಿಯಾರ ಮಿದುಳಿನ ಅಲೆಗಳನ್ನು ನೋಡುವುದಿಲ್ಲ. ಮಣಿಕಟ್ಟಿನ ನಾಡಿಬಡಿತ ಮತ್ತು ಅಲುಗಾಟದಿಂದ ಹಂತಗಳನ್ನು ಅಂದಾಜು ಮಾಡುತ್ತದೆ.

ಕನಸು ನಮಗೇಕೆ ನಿಜವೆನಿಸುತ್ತದೆ

'ಕನಸು ಬಿತ್ತು' ಎನ್ನುತ್ತೇವೆ. ಮಳೆ ಬಿದ್ದಂತೆ, ನಮ್ಮ ಇಚ್ಛೆಯ ಹಂಗಿಲ್ಲದೆ. ನೋಡುತ್ತಿರುವುದನ್ನು ಕಟ್ಟುತ್ತಿರುವುದು ನನ್ನದೇ ಮಿದುಳು ಎಂಬ ಸುಳಿವು ಕನಸಿನೊಳಗೆ ಸಿಕ್ಕುವುದಿಲ್ಲ. ಸತ್ತವರು ಬಂದು ಮಾತಾಡಿದರೂ, ಮನೆಯ ಬಾಗಿಲು ತೆರೆದರೆ ಹಳೆಯ ಶಾಲೆಯ ಕೊಠಡಿ ಬಂದರೂ ನಾವು ಬೆರಗಾಗದೆ ಮುಂದುವರಿಯುತ್ತೇವೆ.

ರೆಮ್ ಸಮಯದಲ್ಲಿ ಮಿದುಳಿನ ಒಳಗಿನ ಹಂಚಿಕೆ ಬದಲಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಭಯ, ಆಸೆ, ಆತಂಕಗಳಿಗೆ ಸಂಬಂಧಿಸಿದ ಆಳದ ಭಾಗಗಳು ಮತ್ತು ದೃಶ್ಯಗಳನ್ನು ಕಟ್ಟುವ ಹಿಂಭಾಗದ ವಲಯಗಳು ಚುರುಕಾಗಿರುತ್ತವೆ. ಹಣೆಯ ಹಿಂದಿರುವ, ಸಂಗತಿಗಳನ್ನು ತೂಗಿ ನೋಡುವ, 'ಇದು ಹೇಗೆ ಸಾಧ್ಯ' ಎಂದು ತಡೆದು ಕೇಳುವ ಭಾಗ ಮಂಕಾಗಿರುತ್ತದೆ. ಎಚ್ಚರದಲ್ಲಿ ಗಮನವನ್ನು ಹಿಡಿದಿಡುವ ನೊರಾಡ್ರಿನಲಿನ್ ಮತ್ತು ಸಿರೊಟೊನಿನ್ ಎಂಬ ರಾಸಾಯನಿಕಗಳನ್ನು ಹೊರಸೂಸುವ ನರಕೋಶಗಳು ಬಹುಮಟ್ಟಿಗೆ ಸುಮ್ಮನಾಗಿರುತ್ತವೆ. ಹೊಸ ನೆನಪು ಅಚ್ಚಾಗಲು ಬೇಕಾದ ಸಿದ್ಧತೆಯೂ ಆಗ ಕಡಿಮೆ ಇರುವುದರಿಂದ, ಹಾಸಿಗೆ ಬಿಟ್ಟೇಳುವಷ್ಟರಲ್ಲಿ ಕನಸು ಬೊಗಸೆಯ ನೀರಿನಂತೆ ಸೋರಿಹೋಗುತ್ತದೆ.

ಆದರೆ ಇನ್ನೂ ದೊಡ್ಡ ಕಾರಣವೊಂದಿದೆ, ಅದನ್ನು ಒಂದು ಹೋಲಿಕೆಯಿಂದ ಹೇಳುವುದು ಸುಲಭ. ರಾತ್ರಿ ಕರೆಂಟು ಹೋದಾಗ ನಾವು ಸ್ವಂತ ಮನೆಯೊಳಗೆ ನಡೆಯುವ ರೀತಿಯನ್ನು ನೆನೆಸಿಕೊಳ್ಳಿ. ಕಣ್ಣಿಗೆ ಏನೂ ಕಾಣದಿದ್ದರೂ ಮನಸ್ಸಿನಲ್ಲಿರುವ ಮನೆಯ ನಕ್ಷೆಯನ್ನು ನಂಬಿ ಹೆಜ್ಜೆ ಹಾಕುತ್ತೇವೆ. ಬೆರಳು ಗೋಡೆಗೆ ತಾಗಿದಾಗ, ಮೊಣಕಾಲು ಕುರ್ಚಿಗೆ ತಗುಲಿದಾಗ ನಕ್ಷೆಯನ್ನು ತಿದ್ದಿಕೊಳ್ಳುತ್ತೇವೆ. ಮಿದುಳು ಹಗಲಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಎಂಬ ವಿವರಣೆ ಇಂದು ಬಹಳ ಸಂಶೋಧಕರಿಗೆ ಒಪ್ಪಿಗೆಯಾಗಿದೆ. ತಲೆಬುರುಡೆಯೊಳಗಿನ ಕತ್ತಲಲ್ಲಿರುವ ಅದಕ್ಕೆ ಹೊರಗಿನ ಜಗತ್ತು ನೇರವಾಗಿ ಎಂದೂ ಸಿಕ್ಕುವುದಿಲ್ಲ, ನರಗಳ ಮೂಲಕ ಬರುವ ಮಿಡಿತಗಳಷ್ಟೇ ಸಿಗುತ್ತವೆ. ಅವುಗಳ ಆಧಾರದ ಮೇಲೆ ಅದು ಹೊರಗೆ ಏನಿರಬಹುದೆಂದು ಊಹಿಸುತ್ತ, ಊಹೆ ತಪ್ಪಿದಲ್ಲಿ ತಿದ್ದಿಕೊಳ್ಳುತ್ತ ಹೋಗುತ್ತದೆ. ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟು, ಅದಿಲ್ಲದೆ ನೆಲ ತಾಗಿದಾಗ ಮೈಯೆಲ್ಲ ಜುಮ್ಮೆನ್ನುವುದು ಆ ಊಹೆ ನಮ್ಮ ಗಮನಕ್ಕೆ ಬರುವ ಅಪರೂಪದ ಗಳಿಗೆ. ಕನಸಿನಲ್ಲಿ ನಕ್ಷೆಯೇನೋ ಇರುತ್ತದೆ, ತಾಗಲು ಗೋಡೆಗಳಿರುವುದಿಲ್ಲ.

ಮೈಗೆ ಬೀಳುವ ಬೀಗ

ಕನಸಿನಲ್ಲಿ ಓಡುವಾಗ ಓಟದ ಆಜ್ಞೆಗಳು ಮಿದುಳಿನಲ್ಲಿ ನಿಜವಾಗಿಯೇ ಹುಟ್ಟುತ್ತವೆ. ಅವು ಕಾಲಿಗೆ ತಲುಪಿದರೆ ಮಲಗಿದವರು ಎದ್ದು ಓಡಬೇಕಾಗುತ್ತದೆ. ಹಾಗಾಗದಂತೆ ರೆಮ್ ಹಂತದಲ್ಲಿ ಮಿದುಳುಕಾಂಡದಿಂದ ಬರುವ ಸಂಕೇತಗಳು ಬೆನ್ನುಹುರಿಯಲ್ಲಿನ ಚಾಲಕ ನರಗಳನ್ನು ತಡೆಹಿಡಿಯುತ್ತವೆ. ಕಣ್ಣಿನ ಸ್ನಾಯುಗಳು ಮತ್ತು ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ಬಿಟ್ಟು ಉಳಿದ ಮೈ ಸಡಿಲವಾಗಿ ಬಿದ್ದಿರುತ್ತದೆ. ಮಿಷೆಲ್ ಜೂವೆ ಬೆಕ್ಕುಗಳ ಮಿದುಳುಕಾಂಡದಲ್ಲಿ ಈ ತಡೆಗೆ ಕಾರಣವಾದ ಚಿಕ್ಕ ಜಾಗವನ್ನು ಹಾಳುಗೆಡವಿದಾಗ, ಅವು ನಿದ್ರೆಯಲ್ಲಿದ್ದುಕೊಂಡೇ ಎದ್ದು, ಎದುರಿಗೆ ಇಲ್ಲದ ಬೇಟೆಯ ಮೇಲೆ ಎರಗಿದವು.

ಸ್ಲೀಪ್ ಪ್ಯಾರಾಲಿಸಿಸ್ ಎಂದರೆ ಈ ಬೀಗ ತೆಗೆಯುವುದು ತಡವಾಗುವುದು. ಅರಿವು ಎಚ್ಚರಕ್ಕೆ ಬಂದಿರುತ್ತದೆ, ಸ್ನಾಯುಗಳ ತಡೆ ಇನ್ನೂ ಸಡಿಲವಾಗಿರುವುದಿಲ್ಲ, ಕನಸಿನ ಚಿತ್ರಗಳೂ ಪೂರ್ತಿ ನಿಂತಿರುವುದಿಲ್ಲ. ಎದೆಯ ಮೇಲಿನ ಭಾರಕ್ಕೂ ಇದರಲ್ಲಿ ಕಾರಣವಿದೆ: ಪಕ್ಕೆಲುಬುಗಳ ನಡುವಿನ ಸ್ನಾಯುಗಳು ತಡೆಯಲ್ಲಿದ್ದು ವಪೆ ಮಾತ್ರ ಉಸಿರಾಡಿಸುತ್ತಿರುವಾಗ ದೀರ್ಘವಾಗಿ ಉಸಿರೆಳೆಯಲು ಹೋದರೆ ಆಗುವುದಿಲ್ಲ, ಗಾಬರಿಗೊಂಡ ಮಿದುಳು ಆ ಅಡ್ಡಿಗೆ ಒಂದು ಕಾರಣ ಹುಡುಕುತ್ತದೆ. ಯಾರೋ ಕುಳಿತಿದ್ದಾರೆ ಎಂಬುದು ಅದು ಕಂಡುಕೊಂಡ ಕಾರಣ.

ಹಗಲಿನ ಮೈಯೂ ಒಂದು ರಚನೆಯೇ

ಕನಸಿನ ದೇಹ ಮಿದುಳಿನ ಸೃಷ್ಟಿ ಎಂಬುದನ್ನು ಯಾರಾದರೂ ಒಪ್ಪುತ್ತಾರೆ. ಹಗಲಿನಲ್ಲಿ ನಮಗೆ ತಿಳಿಯುವ ದೇಹವೂ ಅಂಥ ರಚನೆಯೇ ಎಂಬುದು ಒಪ್ಪಲು ಕಷ್ಟವಾದ ಮಾತು. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದೂ ಇದೇ.

ಕಣ್ಣು ಮುಚ್ಚಿ, ಬಲಗೈಯ ತೋರುಬೆರಳಿನಿಂದ ಮೂಗಿನ ತುದಿಯನ್ನು ಮುಟ್ಟಿ. ಬೆರಳು ನೇರವಾಗಿ ಅಲ್ಲಿಗೇ ಹೋಗುತ್ತದೆ. ಬೆರಳು ಎಲ್ಲಿದೆ, ಮೊಣಕೈ ಎಷ್ಟು ಮಡಿಸಿದೆ ಎಂಬುದನ್ನು ನೋಡದೆಯೇ ತಿಳಿಸುತ್ತಿರುವುದು ಸ್ನಾಯು ಮತ್ತು ಕೀಲುಗಳಿಂದ ಸದಾ ಬರುತ್ತಿರುವ ವರದಿ. ಐದು ಇಂದ್ರಿಯಗಳ ಪಟ್ಟಿಯಲ್ಲಿ ಇಲ್ಲದ ಈ ಅಂಗಸ್ಥಿತಿಯ ಅರಿವಿಗೆ 1906ರಲ್ಲಿ ಚಾರ್ಲ್ಸ್ ಶೆರಿಂಗ್ಟನ್ ಪ್ರತ್ಯೇಕ ಹೆಸರು ಕೊಟ್ಟರು. ನರಗಳ ಕಾಯಿಲೆಯಿಂದ ಇದನ್ನು ಕಳೆದುಕೊಂಡ ಕೆಲವೇ ಮಂದಿಯಲ್ಲಿ ಸ್ನಾಯುಗಳಿಗೆ ಶಕ್ತಿಯಿದ್ದರೂ, ಕೈಕಾಲುಗಳನ್ನು ಕಣ್ಣಿನಿಂದ ನೋಡುತ್ತಿದ್ದರಷ್ಟೇ ಅವುಗಳನ್ನು ಬೇಕಾದಂತೆ ಚಲಿಸಲು ಸಾಧ್ಯ. ದೀಪ ಆರಿದರೆ ನಿಂತಲ್ಲೇ ಕುಸಿಯುತ್ತಾರೆ.

ಇನ್ನೊಂದು ಪರೀಕ್ಷೆ. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರಮೂಲೆಯ ರೆಪ್ಪೆಯನ್ನು ಬೆರಳ ತುದಿಯಿಂದ ಬಹಳ ಮೆಲ್ಲಗೆ ಒತ್ತಿ ಬಿಡಿ. ಕೋಣೆಯೇ ಅಲುಗಿದಂತೆ ಕಾಣುತ್ತದೆ. ಅದೇ ಕಣ್ಣನ್ನು ಎಂದಿನಂತೆ ಎಡಕ್ಕೂ ಬಲಕ್ಕೂ ಹೊರಳಿಸಿ. ಕಣ್ಣಿನೊಳಗಿನ ಚಿತ್ರ ಇನ್ನೂ ಹೆಚ್ಚು ಜಾರಿದರೂ ಕೋಣೆ ನಿಂತಲ್ಲೇ ನಿಂತಿರುತ್ತದೆ. ಕಣ್ಣನ್ನು ಹೊರಳಿಸಲು ಆಜ್ಞೆ ಕೊಡುವಾಗ ಮಿದುಳು ಆ ಆಜ್ಞೆಯ ಒಂದು ಪ್ರತಿಯನ್ನು ತಾನೇ ಇಟ್ಟುಕೊಂಡು, ಬರಲಿರುವ ಅಲುಗಾಟವನ್ನು ಮೊದಲೇ ಕಳೆದುಬಿಡುತ್ತದೆ. ಬೆರಳು ಒತ್ತಿದಾಗ ಕಣ್ಣಿನ ಸ್ನಾಯುಗಳಿಗೆ ಅಂಥ ಆಜ್ಞೆ ಹೋಗಿರುವುದಿಲ್ಲ, ಆದ್ದರಿಂದ ಅಲುಗಿದ್ದು ಜಗತ್ತು ಎಂದು ತೀರ್ಮಾನವಾಗುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗದಿರುವುದೂ ಇದೇ ಲೆಕ್ಕಾಚಾರದಿಂದ. ಇದು ನನ್ನಿಂದಾದದ್ದು, ಅದು ಹೊರಗಿನಿಂದ ಬಂದದ್ದು ಎಂಬ ಗೆರೆ ಹೀಗೆ ಕ್ಷಣಕ್ಷಣವೂ ಎಳೆಯಲ್ಪಡುತ್ತಿರುತ್ತದೆ.

ಈ ಗೆರೆಯನ್ನು ಸರಿಸಲೂಬಹುದು. 1998ರಲ್ಲಿ ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೊನಾಥನ್ ಕೋಹೆನ್ ಪ್ರಕಟಿಸಿದ ಪ್ರಯೋಗದಲ್ಲಿ, ಮೇಜಿನ ಮುಂದೆ ಕುಳಿತವರ ನಿಜವಾದ ಕೈಯನ್ನು ಪರದೆಯ ಹಿಂದೆ ಮರೆಮಾಡಿ, ಕಣ್ಣೆದುರಿಗೆ ರಬ್ಬರಿನ ಕೈಯೊಂದನ್ನು ಇಡಲಾಯಿತು. ಎರಡು ಚಿಕ್ಕ ಕುಂಚಗಳಿಂದ ನಿಜವಾದ ಕೈಯನ್ನೂ ರಬ್ಬರಿನ ಕೈಯನ್ನೂ ಒಂದೇ ಲಯದಲ್ಲಿ ಸವರುತ್ತ ಹೋದಾಗ, ಕೆಲವು ನಿಮಿಷಗಳಲ್ಲಿ ಸ್ಪರ್ಶವು ರಬ್ಬರಿನ ಕೈಯ ಮೇಲೆಯೇ ಆಗುತ್ತಿದೆ, ಅದು ತಮ್ಮದೇ ಕೈ ಎಂದು ಅವರಿಗೆ ಅನಿಸತೊಡಗಿತು. ಕಣ್ಣು ಮುಚ್ಚಿ 'ನಿಮ್ಮ ಕೈ ಎಲ್ಲಿದೆ ತೋರಿಸಿ' ಎಂದರೆ ಅವರು ತೋರಿಸಿದ ಜಾಗ ರಬ್ಬರಿನ ಕೈಯ ಕಡೆಗೆ ಸರಿದಿತ್ತು. ಸವರುವ ಲಯ ತಪ್ಪಿಸಿದರೆ ಈ ಭ್ರಮೆ ಬಹಳ ದುರ್ಬಲವಾಗುತ್ತದೆ. ಕಣ್ಣಿಗೆ ಕಂಡದ್ದು ಮತ್ತು ಚರ್ಮಕ್ಕೆ ತಿಳಿದದ್ದು ಒಂದೇ ಹೊತ್ತಿಗೆ ಆದರೆ ಅದು 'ನನ್ನದು' ಎಂಬುದು ಮಿದುಳಿನ ನಿಯಮ. ಹುಟ್ಟಿದಂದಿನಿಂದ ಜೊತೆಗಿರುವ ಕೈಯ ಒಡೆತನವನ್ನು ಹತ್ತು ನಿಮಿಷದ ಕುಂಚದಾಟ ಅಲುಗಿಸಬಲ್ಲದು.

ಇದರ ಇನ್ನೊಂದು ಮುಖ ನೋವಿನದು. ಅಪಘಾತದಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ಕೈಕಾಲು ಕಳೆದುಕೊಂಡವರಲ್ಲಿ ಬಹುಪಾಲು ಜನರಿಗೆ ಆ ಅಂಗ ಇನ್ನೂ ಇದೆಯೆಂದು ಅನಿಸುತ್ತಿರುತ್ತದೆ, ಅನೇಕರಿಗೆ ಅದು ನೋಯುತ್ತದೆ, ಕೆಲವರಿಗೆ ಇಲ್ಲದ ಮುಷ್ಟಿ ಬಿಗಿದುಕೊಂಡು ಉಗುರುಗಳು ಅಂಗೈಗೆ ಚುಚ್ಚುತ್ತಿರುವಂತಾಗುತ್ತದೆ. ಮಿದುಳಿನ ಹೊರಪದರದಲ್ಲಿ ಇಡೀ ಮೈಯ ಸ್ಪರ್ಶದ ನಕ್ಷೆಯೊಂದಿದೆ. ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಎಚ್ಚರವಿದ್ದ ರೋಗಿಗಳ ಮಿದುಳನ್ನು ಸೂಕ್ಷ್ಮ ವಿದ್ಯುತ್ತಿನಿಂದ ಮುಟ್ಟಿ ಅದನ್ನು ಗುರುತಿಸಿದರು. ಆ ನಕ್ಷೆಯಲ್ಲಿ ತುಟಿ ಮತ್ತು ಕೈಬೆರಳುಗಳಿಗೆ ಬೆನ್ನಿಗಿಂತ ಹೆಚ್ಚು ಜಾಗವಿದೆ, ಕೈಯ ಪಕ್ಕದಲ್ಲೇ ಮುಖದ ಜಾಗವಿದೆ. ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈ ಕಳೆದುಕೊಂಡವರೊಬ್ಬರ ಕೆನ್ನೆ ಮುಟ್ಟಿದಾಗ, ಸ್ಪರ್ಶವು ಇಲ್ಲದ ಕೈಯಲ್ಲಿಯೂ ಆಯಿತೆಂದು ಅವರು ಹೇಳಿದರು. ಉಳಿದ ಕೈಯನ್ನು ಕನ್ನಡಿಯ ಮುಂದೆ ಇಟ್ಟು ಅದರ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಮಾಡಿ, ಮುಷ್ಟಿ ಬಿಚ್ಚಲು ಹೇಳಿದಾಗ, ಕೆಲವರಲ್ಲಿ ವರ್ಷಗಳಿಂದ ಬಿಗಿದಿದ್ದ ಇಲ್ಲದ ಮುಷ್ಟಿಯೂ ಬಿಚ್ಚಿಕೊಂಡಿತು. ಕೈ ಹೋದರೂ ಕೈಯ ನಕ್ಷೆ ಉಳಿದಿರುತ್ತದೆ. ತಿದ್ದುವ ವರದಿಗಳು ನಿಂತಿರುವುದರಿಂದ ಅದು ಕೊನೆಯ ಬಿಗಿತದಲ್ಲೇ ಸಿಕ್ಕಿಕೊಂಡಿರಬಹುದು.

ನಾನು ಎಲ್ಲಿದ್ದೇನೆ ಎಂಬ ಭಾವವೂ ಹೀಗೆಯೇ ಕಟ್ಟಿದ್ದು. 2002ರಲ್ಲಿ ಓಲಾಫ್ ಬ್ಲಾಂಕೆ ಅವರ ತಂಡ ಮೂರ್ಛೆರೋಗದ ಚಿಕಿತ್ಸೆಗೆ ತಯಾರಿ ನಡೆಸುತ್ತಿದ್ದಾಗ, ಒಬ್ಬ ಮಹಿಳೆಯ ಮಿದುಳಿನ ಬಲಭಾಗದಲ್ಲಿ, ಕಿವಿಗಿಂತ ತುಸು ಮೇಲೆ ಹಿಂದಕ್ಕಿರುವ ಜಾಗಕ್ಕೆ ಸಣ್ಣ ವಿದ್ಯುತ್ ಪ್ರವಾಹ ಕೊಟ್ಟರು. ಹಾಸಿಗೆಯಲ್ಲಿ ಮಲಗಿರುವ ತನ್ನನ್ನು ತಾನೇ ಮೇಲಿನಿಂದ ನೋಡುತ್ತಿದ್ದೇನೆ ಎಂದು ಆಕೆ ಹೇಳಿದರು. ಪ್ರವಾಹ ನಿಲ್ಲಿಸಿದಾಗ ಅನುಭವವೂ ನಿಂತಿತು. ಕಣ್ಣು, ಚರ್ಮ, ಕೀಲುಗಳು ಮತ್ತು ಒಳಕಿವಿಯ ಸಮತೋಲನದ ಅಂಗದಿಂದ ಬರುವ ವರದಿಗಳನ್ನು ಒಂದು ಜಾಗಕ್ಕೆ ಹೊಂದಿಸುವ ಕೆಲಸ ಅಲ್ಲಿ ನಡೆಯುತ್ತದೆ. ಹೊಂದಿಕೆ ಕೆಟ್ಟಾಗ 'ನಾನು' ಮೈಯಿಂದ ಆಚೆ ಸರಿದಂತಾಗುತ್ತದೆ. ಇವೆಲ್ಲದರ ಕೆಳಗೆ, ಎದೆಬಡಿತ, ಉಸಿರು, ಹಸಿವು, ಹೊಟ್ಟೆಯ ತಳಮಳಗಳಂಥ ಒಳಮೈಯ ವರದಿಗಳು ಇನ್ಸುಲಾ ಎಂಬ ಮಡಿಕೆಯ ಕಡೆಗೆ ಸದ್ದಿಲ್ಲದೆ ಹರಿಯುತ್ತಿರುತ್ತವೆ. ಭಯವಾದಾಗ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತೇವೆ. ಎದೆ ಹೊಡೆದುಕೊಳ್ಳುವುದನ್ನು ಮಿದುಳು ಗಮನಿಸುವುದು ಭಯದ ಒಂದು ಭಾಗವೇ ಎಂದು ಇಂದು ಅನೇಕ ಸಂಶೋಧಕರು ತಿಳಿಯುತ್ತಾರೆ.

ಕನಸಿನೊಳಗಿನ ದೇಹ

ಈಗ ಕನಸಿಗೆ ಮರಳಿದರೆ, ಅಲ್ಲಿಯ ದೇಹದ ಬಗ್ಗೆ ಕೆಲವು ಸಂಗತಿಗಳು ಅರ್ಥವಾಗುತ್ತವೆ. ಹುಟ್ಟಿನಿಂದ ದೃಷ್ಟಿಯಿಲ್ಲದವರ ಕನಸುಗಳು ಹೆಚ್ಚಾಗಿ ದನಿ, ಸ್ಪರ್ಶ, ವಾಸನೆ, ಚಲನೆಗಳಿಂದ ತುಂಬಿರುತ್ತವೆ. ಬೆಳೆದ ಮೇಲೆ ದೃಷ್ಟಿ ಕಳೆದುಕೊಂಡವರು ಎಷ್ಟೋ ವರ್ಷ ಚಿತ್ರಗಳನ್ನೇ ಕಾಣುತ್ತಾರೆ. ಹುಟ್ಟಿನಿಂದ ಕಾಲುಗಳ ಸ್ವಾಧೀನವಿಲ್ಲದ ಕೆಲವರು ಕನಸಿನಲ್ಲಿ ನಡೆದಾಡಿದ ಅನುಭವವನ್ನು ಹೇಳಿರುವುದು ಇನ್ನೂ ಆಶ್ಚರ್ಯಕರ, ಏಕೆಂದರೆ ನಡಿಗೆಯ ನಕ್ಷೆ ನಡೆಯದೆಯೂ ಕಟ್ಟಿಕೊಳ್ಳಬಲ್ಲದೆಂದು ಅದು ಸೂಚಿಸುತ್ತದೆ. ಇಂದ್ರಿಯಗಳ ಬಾಗಿಲು ನಿದ್ರೆಯಲ್ಲಿ ಪೂರ್ತಿ ಮುಚ್ಚಿರುವುದೂ ಇಲ್ಲ. ಮಲಗಿದವರ ಮೇಲೆ ನೀರು ಚಿಮುಕಿಸಿ ಎಬ್ಬಿಸಿದಾಗ, ಮಳೆಯಲ್ಲಿ ನೆನೆದಂತೆಯೋ ಸೂರು ಸೋರಿದಂತೆಯೋ ಕನಸು ಬಿದ್ದಿತ್ತೆಂದು ಕೆಲವರು ಹೇಳುತ್ತಾರೆ. ಬಂದ ತುಣುಕು ವರದಿಯನ್ನು ನಡೆಯುತ್ತಿರುವ ಕಥೆಗೆ ಸೇರಿಸಿಕೊಳ್ಳಲಾಗುತ್ತದೆ.

ಕೆಲವರಿಗೆ ಕನಸಿನೊಳಗೇ 'ಇದು ಕನಸು' ಎಂದು ತಿಳಿಯುತ್ತದೆ. ಇದನ್ನು ಬಹುಕಾಲ ಸಂಶೋಧಕರು ನಂಬಿರಲಿಲ್ಲ. ರೆಮ್‌ನಲ್ಲಿ ಕಣ್ಣುಗಳಿಗೆ ಬೀಗವಿಲ್ಲ ಎಂಬುದನ್ನು ಬಳಸಿಕೊಂಡು ಬ್ರಿಟನ್ನಿನ ಕೀತ್ ಹರ್ನ್ 1975ರಲ್ಲಿ, ಬಳಿಕ ಸ್ವತಂತ್ರವಾಗಿ ಅಮೆರಿಕದ ಸ್ಟೀಫನ್ ಲಾಬರ್ಜ್, ಇದನ್ನು ತೋರಿಸಿದರು: ಕನಸಿನೊಳಗೆ ಎಚ್ಚೆತ್ತಾಗ ಕಣ್ಣುಗಳನ್ನು ಮೊದಲೇ ಗೊತ್ತುಮಾಡಿಕೊಂಡ ರೀತಿಯಲ್ಲಿ ಎಡಕ್ಕೂ ಬಲಕ್ಕೂ ಹೊರಳಿಸಬೇಕು. ಹೊರಗಿನ ಯಂತ್ರದ ಕಾಗದದ ಮೇಲೆ ಆ ಸಂಕೇತ ಮೂಡಿತು, ಮಿದುಳು ಮತ್ತು ಸ್ನಾಯುಗಳ ದಾಖಲೆ ಅದು ನಿಜವಾದ ರೆಮ್ ಎಂದು ತೋರಿಸಿತು. 2021ರಲ್ಲಿ ನಾಲ್ಕು ದೇಶಗಳ ಪ್ರಯೋಗಾಲಯಗಳು ಇನ್ನೂ ಮುಂದೆ ಹೋಗಿ, ಕನಸು ಕಾಣುತ್ತಿದ್ದವರಿಗೆ ಪ್ರಶ್ನೆ ಕೇಳಿ ಉತ್ತರ ಪಡೆದವು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಕೇಳಿದಾಗ ಮಲಗಿದ್ದವರೊಬ್ಬರ ಕಣ್ಣುಗಳು ಮುಚ್ಚಿದ ರೆಪ್ಪೆಗಳ ಕೆಳಗೆ ಎರಡು ಬಾರಿ ಹೊರಳಿದವು.

ಅರಿವು ಮಿದುಳಿನಲ್ಲಿ ಎಲ್ಲಿದೆ

ಮನುಷ್ಯರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಐದರಲ್ಲಿ ನಾಲ್ಕು ಪಾಲು ತಲೆಯ ಹಿಂಬದಿಯಲ್ಲಿ ಕೆಳಗಿರುವ ಕಿರುಮಿದುಳಿನಲ್ಲಿವೆ. ಆದರೆ ಕಾಯಿಲೆಯಿಂದ ಕಿರುಮಿದುಳಿಗೆ ಭಾರೀ ಹಾನಿಯಾದವರು ತೂರಾಡುತ್ತ ನಡೆದರೂ, ಅವರ ಅನುಭವದ ಜಗತ್ತು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಹಾಗಾದರೆ ನರಕೋಶಗಳ ಸಂಖ್ಯೆಗಿಂತ ಅವು ಒಂದಕ್ಕೊಂದು ಮಾತಾಡುವ ಬಗೆ ಮುಖ್ಯ. 2005ರಲ್ಲಿ ಮಾರ್ಚೆಲ್ಲೊ ಮಸಿಮಿನಿ ಮತ್ತು ಸಂಗಡಿಗರು ತಲೆಯ ಹೊರಗಿನಿಂದ ಕಾಂತೀಯ ಮಿಡಿತವೊಂದನ್ನು ಕೊಟ್ಟು ಅದರ ಪ್ರತಿಧ್ವನಿಯನ್ನು ಹಿಂಬಾಲಿಸಿದರು. ಎಚ್ಚರದಲ್ಲಿ ಅದು ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಾಗುತ್ತ ಹೋಯಿತು. ಗಾಢ ನಿದ್ರೆಯಲ್ಲಿ ಹುಟ್ಟಿದಲ್ಲೇ ಎದ್ದು ಅಲ್ಲೇ ಅಡಗಿತು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ರಾತ್ರಿಯಲ್ಲಿ ಹಲವು ಬಾರಿ ಎಬ್ಬಿಸಿ ಕೇಳಿದಾಗ, ಕನಸಿದ್ದ ಹೊತ್ತಿನಲ್ಲಿ, ಅದು ರೆಮ್ ಆಗಿರಲಿ ಬಿಡಲಿ, ಮಿದುಳಿನ ಹಿಂಭಾಗದ ಒಂದು ವಲಯದಲ್ಲಿ ನಿಧಾನದ ಅಲೆಗಳು ತಗ್ಗಿರುವುದು ಕಂಡುಬಂದಿತು.

ಇವುಗಳನ್ನು ಅರ್ಥೈಸಲು ಎರಡು ಸಿದ್ಧಾಂತಗಳು ಮುಂಚೂಣಿಯಲ್ಲಿವೆ. ಬರ್ನಾರ್ಡ್ ಬಾರ್ಸ್ 1988ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಒಂದು ಮಾಹಿತಿ ಇಡೀ ಮಿದುಳಿಗೆ ಡಂಗುರ ಸಾರಿದಂತೆ ಹರಡಿದಾಗ ಅದು ಅರಿವಾಗುತ್ತದೆ. ಜೂಲಿಯೊ ಟೊನೊನಿ 2004ರಿಂದ ಬೆಳೆಸಿದ ಸಿದ್ಧಾಂತದ ಪ್ರಕಾರ ಒಂದು ವ್ಯವಸ್ಥೆಯ ಭಾಗಗಳು ಬಿಡಿಸಲಾಗದಂತೆ ಹೆಣೆದುಕೊಂಡಷ್ಟೂ ಅದರಲ್ಲಿ ಅರಿವು ಹೆಚ್ಚು. ಇವೆರಡನ್ನೂ ಎದುರುಬದುರು ಇಟ್ಟು ನಡೆಸಿದ ಪ್ರಯೋಗಗಳ ಫಲಿತಾಂಶ 2023ರಲ್ಲಿ ಹೊರಬಂದಾಗ ಎರಡರ ಭವಿಷ್ಯನುಡಿಗಳೂ ಪೂರ್ತಿಯಾಗಿ ನಿಲ್ಲಲಿಲ್ಲ. ಅದೇ ಸಂದರ್ಭದಲ್ಲಿ ಒಂದು ಪಂದ್ಯವೂ ತೀರ್ಮಾನವಾಯಿತು. ಅರಿವಿನ ಸ್ಪಷ್ಟ ಗುರುತು ನರಕೋಶಗಳಲ್ಲಿ 25 ವರ್ಷಗಳೊಳಗೆ ಸಿಗುತ್ತದೆ ಎಂದು ನರವಿಜ್ಞಾನಿ ಕ್ರಿಸ್ಟೋಫ್ ಕಾಖ್ 1998ರಲ್ಲಿ ತತ್ತ್ವಜ್ಞ ಡೇವಿಡ್ ಚಾಮರ್ಸ್ ಜೊತೆ ಪಂದ್ಯ ಕಟ್ಟಿದ್ದರು; ಸೋಲೊಪ್ಪಿಕೊಂಡು ವೈನ್ ಬಾಟಲಿಗಳನ್ನು ಒಪ್ಪಿಸಿದರು. ನರಗಳ ಮಿಡಿತದ ಜೊತೆಗೆ ಅನುಭವವೆಂಬುದು ಇರುವುದಾದರೂ ಏಕೆ ಎಂಬುದನ್ನು ಚಾಮರ್ಸ್ 1995ರಲ್ಲಿ 'ಕಠಿಣ ಸಮಸ್ಯೆ' ಎಂದು ಹೆಸರಿಸಿದ್ದರು. ಅದು ಇನ್ನೂ ಹಾಗೆಯೇ ಇದೆ.

ಯಾವಾಗ ವೈದ್ಯರನ್ನು ಕಾಣಬೇಕು

ಅಪರೂಪಕ್ಕೊಮ್ಮೆ ಬರುವ ಸ್ಲೀಪ್ ಪ್ಯಾರಾಲಿಸಿಸ್ ಅಪಾಯಕಾರಿಯಲ್ಲ. ನಿದ್ರೆಗೆಟ್ಟ ದಿನಗಳಲ್ಲಿ ಮತ್ತು ಅಂಗಾತ ಮಲಗಿದಾಗ ಅದು ಹೆಚ್ಚು. ಆ ಹೊತ್ತಿನಲ್ಲಿ ಎದೆಯುಬ್ಬಿಸಿ ಉಸಿರೆಳೆಯಲು ಒದ್ದಾಡಿದರೆ ಗಾಬರಿ ಹೆಚ್ಚುತ್ತದೆ. ವಪೆ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆಂದು ನೆನಪಿಟ್ಟುಕೊಂಡು ಕಣ್ಣುಗಳನ್ನು ಹೊರಳಿಸುವುದು, ಬೆರಳಿನ ತುದಿಯನ್ನಷ್ಟೇ ಅಲುಗಿಸಲು ಪ್ರಯತ್ನಿಸುವುದು ಹಲವರಿಗೆ ಸಹಾಯಕವಾಗಿದೆ. ಅದು ಪದೇಪದೇ ಬರುತ್ತಿದ್ದು, ಹಗಲಿನಲ್ಲಿ ತಡೆಯಲಾಗದ ತೂಕಡಿಕೆಯೂ, ನಕ್ಕಾಗ ಮಂಡಿ ಸಡಿಲಾಗುವುದೂ ಜೊತೆಗಿದ್ದರೆ ನಾರ್ಕೊಲೆಪ್ಸಿ ಎಂಬ ಕಾಯಿಲೆ ಇರಬಹುದಾದ್ದರಿಂದ ವೈದ್ಯರಿಗೆ ತೋರಿಸಬೇಕು.

ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ ವಿರುದ್ಧವಾದ ಸ್ಥಿತಿ, ಅಂದರೆ ಬೀಗ ಬೀಳದಿರುವುದು. ನಡುವಯಸ್ಸು ದಾಟಿದವರು ಕನಸಿಗೆ ತಕ್ಕಂತೆ ಕೂಗುವುದು, ಒದೆಯುವುದು, ಪಕ್ಕದಲ್ಲಿ ಮಲಗಿದವರಿಗೆ ಹೊಡೆಯುವುದು ಕಂಡುಬಂದರೆ ಅದನ್ನು ಬರಿಯ ಕನವರಿಕೆ ಎಂದು ತಳ್ಳಿಹಾಕಬಾರದು. 1986ರಲ್ಲಿ ಕಾರ್ಲೋಸ್ ಶೆಂಕ್, ಮಾರ್ಕ್ ಮಹೊವಾಲ್ಡ್ ಮತ್ತು ಸಹೋದ್ಯೋಗಿಗಳು ವಿವರಿಸಿದ ಈ ತೊಂದರೆ, ಪಾರ್ಕಿನ್ಸನ್ ಮತ್ತು ಅದಕ್ಕೆ ಹತ್ತಿರದ ಕಾಯಿಲೆಗಳ ಕೈನಡುಕ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ಬರುವ ಮುನ್ಸೂಚನೆಯಾಗಿರಬಹುದು. ಅಂಥವರ ಹಾಸಿಗೆಯ ಬಳಿ ಗಾಜಿನ ವಸ್ತುಗಳನ್ನೂ ಚೂಪಾದ ಅಂಚಿನ ಮೇಜುಗಳನ್ನೂ ಇಡಬಾರದು, ನರರೋಗ ತಜ್ಞರನ್ನು ಕಾಣಬೇಕು. ಕಾಣಲು ಹೋಗುವಾಗ ರಾತ್ರಿ ಜೊತೆಯಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗುವುದು ಅಗತ್ಯ, ಏಕೆಂದರೆ ಆ ಒದೆತ, ಕೂಗಾಟಗಳನ್ನು ಕಣ್ಣಾರೆ ಕಂಡವರು ಅವರೇ.